ಅಡಗಿ ಮನಿಯ ಮೊಳಿಗೆ ಲೇತಿನ ಚಾವಿ

ಕಬ್ಬಿಣ, ಕಂಚು ತಿರುಗಿಸಿ ಕೊರೆಯೂ ನಮ್ಮ ಮನಿಯ ಲೇತ್ ಮಷೀನ್ ಪಡಸಾಲಿಯೊಳಗಿತ್ತು, ಅದರ ಚಾವಿ ಅಡಗಿ ಮನಿಯೊಳಗಿತ್ತು. ಒಲಿಯ ಎಡಕ್ಕ, ಉಪ್ಪಿನ ಗಡಿಗಿಯ ಮ್ಯಾಲ, ಗ್ವಾಡಿಗೆ ಹೊಡೆದ ಒಂದು ಉದ್ದನ್ನ ಮೊಳಿ. ಆ ಮೊಳಿಗೆ ಚಾವಿ ಬಿಟ್ಟು ಬ್ಯಾರೆ ಏನನ್ನೂ ತೂಗು ಹಾಕುವಂಗಿರಲಿಲ್ಲ. ನಾನು ಒಮ್ಮೆ ತಿಳೀದ ಚಹಾದ ಜರಡಿ ಹಾಕಿದ್ದಕ್ಕ ಅಪ್ಪನ ಕಡೆಯಿಂದ, ಅವ್ವನ ಕಡೆಯಿಂದ, ಅಪ್ಪನ ತಾಯಿ ನಮ್ಮ ಆಯಿಯ ಕಡೆಯಿಂದ ಒಂದೇ ದಿನ ಬೈಸಿಕೊಂಡೆ. ಮನಿಗೆ ಬಂದ ಬೀಗರು "ಒಲಿ ಮಗ್ಗಲಕ ಇದೇನ್ರಿ ಕಬ್ಬಿಣದ ತುಂಡು?" ಅಂತ ಕೇಳಿದರ, ಆಯಿ ಮಾರಿ ಗಂಭೀರ ಮಾಡಿ "ಅದು ನಮ್ಮ ಮನಿ ಕಾಯೂ ದೇವರು" ಅನ್ನತಿದ್ದಳು. ಕೆಲವರು ಖರೇನ ಕೈ ಮುಗಿದು ಹೋಗ್ಯಾರ. ನಾನು ಆಯಿಯ ಸೆರಗಿನೊಳಗ ಬಾಯಿ ಮುಚ್ಚಿಕೊಂಡು ನಗತಿದ್ದೆ.

ಇದನ್ನೆಲ್ಲಾ ಬರಿ ಅಂತ ಗಂಟುಬಿದ್ದಾಕಿ ನನ್ನ ಮೊಮ್ಮಗಳು ಪವಿತ್ರಾ. ಅಕಿ ಈಗ ಜಮಖಂಡಿಗೆ ಹೋಗಿ ಟರ್ನರ್ ಕೆಲಸ, ಅಂದರ ಲೇತ್ ನಡಸೂದು, ಕಲಿಯಾಕತ್ತಾಳ. ಮೊನ್ನೆ ತಾನು ಕೈಯಾರೆ ಒಳಗ ಕೊರೆದ ಮೊದಲನೇ ಹಿತ್ತಾಳಿ ಬುಷ್, ಬಳಿಯಂಥಾ ಒಂದು ತುಂಡು, ತಂದು ನನ್ನ ಅಂಗೈಯೊಳಗ ಇಟ್ಟಳು. ಬೆರಳು ಹಾಕಿ ಸುತ್ತ ತಿರುವಿ ನೋಡಿದೆ, ಎಲ್ಲಿಯೂ ತಡಿಯಲಿಲ್ಲ, ಎಲ್ಲಿಯೂ ಗೀರಲಿಲ್ಲ. ನನಗ ಕುಂತಲ್ಲಿ ಕೂಡಾಕ ಆಗಲಿಲ್ಲ ನೋಡ್ರಿ. ಅದನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಣಿ ತುಂಬ ತಿರುಗಿದೆ. ಹೂವ ಮಾರಾಕಿ, ಹಾಲಿನಾವ, ಎದುರು ಮನಿ ಕೂಸು, ಯಾರನ್ನೂ ಬಿಡಲಿಲ್ಲ. ಎಲ್ಲಾರ ಬೆರಳೂ ಅದರೊಳಗ ಹಾಕಿಸಿ, ಬಾಯಿಗೊಂದು ಚಿಟಿಕಿ ಸಕ್ಕರಿ ಹಾಕಿದೆ.

"ಆಯಿ, ಮೊದಲನೇ ದಿನ ನಮಗ ಏನ ಹೇಳಿದ್ರ ಗೊತ್ತೇನು? ಚಾವಿ ಚಕ್ಕಿನೊಳಗ ಬಿಟ್ಟು ಕೈ ತಗೀಬಾರದು ಅಂತ," ಅಂದಳು ಪವಿತ್ರಾ. ಅಕಿಗೆ ಈಗ ನಾನೇ ಆಯಿ.

ಕಣ್ಣಾಗ ನೀರು ಬರೂ ತನಕ ನಕ್ಕೆ. ಆ ಚಾವಿ ಸಲುವಾಗಿ ನಮ್ಮ ಮನಿಯೊಳಗ ನಡೆದದ್ದನ್ನ ಅಕಿಗೆ ಹೇಳಿದೆ. ಬರೀಲಿಕ್ಕೇ ಬೇಕು ಅಂತ ಹಟ ಹಿಡಿದಳು. ಮೂರನೇ ಇಯತ್ತೆ ಕಲಿತ ಕೈ ಇದು, ಅಕ್ಷರ ಎತ್ತೆತ್ತಲೋ ಹೋಗತಾವ. ಹೋಗಲಿ. ಸಂತೋಷ ತಡಕೊಳ್ಳಾಕ ಆಗವಲ್ಲದು, ಬರಿತೀನಿ.

ಚಾವಿ ಅಂದರ ಬೀಗದ ಚಾವಿ ಅಲ್ಲ. ಲೇತಿನೊಳಗ ಗರಗರ ತಿರುಗೂ ದುಂಡನ್ನ ಬಾಯಿಗೆ ಚಕ್ ಅಂತಾರ. ಕೆಲಸದ ತುಂಡನ್ನ ಅದು ಹಲ್ಲಿಲೆ ಕಚ್ಚಿ ಹಿಡಿತೈತಿ. ಆ ಹಲ್ಲು ಬಿಗಿ ಮಾಡಾಕ, ಸಡಲ ಮಾಡಾಕ ಈ ಚಾವಿ ಬೇಕು. ಮ್ಯಾಲ ಅಡ್ಡ ಹಿಡಿಕಿ, ಕೆಳಗ ಚೌಕ ಮೂತಿ, ಎತ್ತಿದರ ಗೇಣುದ್ದದ ಒಜ್ಜಿ ಕಬ್ಬಿಣ. ಬಿಗಿ ಮಾಡಿ ಅಲ್ಲೇ ಮರೆತು ಮಷೀನ್ ಚಾಲೂ ಮಾಡಿದರ ಅದು ಕವಣಿ ಕಲ್ಲಿನಂಗ ಸಿಡಿದು ಹೋಗತೈತಿ. ಅಪ್ಪ ಲಗ್ನದ ಮೊದಲು ಜಮಖಂಡಿಯೊಳಗ ಒಬ್ಬರ ಕಡೆ ಕೆಲಸ ಕಲಿಯುವಾಗ ಒಮ್ಮೆ ಹಂಗ ಮರೆತಿದ್ದನಂತ. ಚಾವಿ ಅವನ ಕಿವಿ ಮಗ್ಗಲಿಂದ ಹಾದು ನೀರಿನ ಹರವಿ ಒಡೆದು ಗ್ವಾಡಿಯೊಳಗ ನಟ್ಟಿತಂತ. ಅವತ್ತೇ ಅಪ್ಪ ಪಕ್ಕಾ ಮಾಡಿಕೊಂಡ: ಮಷೀನ್ ನಡಸಾವ ಒಬ್ಬ, ಚಾವಿ ಕಾಯವರು ಇನ್ನೊಬ್ಬರು.

"ನನ್ನ ತಲಿ ಮ್ಯಾಲ ನನಗ ಭರೋಸಾ ಇಲ್ಲ," ಅನ್ನತಿದ್ದ. "ಕೈ ಕೆಲಸದಾಗ ಇದ್ದಾಗ ತಲಿ ಊರ ಅಡ್ಡಾಡಾಕ ಹೋಗಿರತೈತಿ."

ಅದಕ್ಕ ನಮ್ಮ ಮನಿಯ ಪದ್ಧತಿ ಹಿಂಗಿತ್ತು. ಅಪ್ಪ ತುಂಡು ಬಿಗಿ ಮಾಡಿ ಚಾವಿ ತಗದು ನನ್ನ ಕೈಯೊಳಗ ಕೊಡತಿದ್ದ. ನಾನು ನಡಮನಿ ದಾಟಿ ಅಡಗಿ ಮನಿಗೆ ಓಡತಿದ್ದೆ. ಅವ್ವ ಅದನ್ನ ಇಸಗೊಂಡು ಮೊಳಿಗೆ ಹಾಕತಿದ್ದಳು. ಪಡಸಾಲಿಯಿಂದ ಅಪ್ಪ "ಬಂತೇನ?" ಅಂತ ಕೇಳತಿದ್ದ. ಅವ್ವ "ಬಂತು!" ಅಂತ ಕೂಗತಿದ್ದಳು. ಆಮ್ಯಾಲನ ಮಷೀನ್. ಚಾವಿ ಯಾರು ಮೊಳಿಗೆ ಹಾಕಿದರೋ ಅವರದೇ ಬಾಯಿಂದ ಬರಬೇಕು ಆ ಮಾತು. ನಾನು ನಡುವ ನಿಂತು "ಬಂತಂತ ಅಪ್ಪಾ" ಅಂದರ ನಡಿಯೂದಿಲ್ಲ. ಒಬ್ಬರ ಮಾತು ಇನ್ನೊಬ್ಬರು ಹೊತ್ತು ತಂದರ ದಾರ್ಯಾಗ ಕೆಡತೈತಿ ಅಂತ ಅಪ್ಪನ ವಾದ.

ಈ ಕೂಗಿಗೆ ಅವ್ವನಂಥಾ ದನಿ ಬ್ಯಾರೆ ಯಾರದೂ ಇರಲಿಲ್ಲ. ನಮ್ಮ ಲೇತಿಗೆ ಆಗ ಕರೆಂಟಿನ ಮೋಟಾರು ಇರಲಿಲ್ಲ. ಹಿತ್ತಲದೊಳಗ ಒಂದು ಎಣ್ಣಿ ಇಂಜಿನ್ನು ಡಬ್ ಡಬ್ ಅಂತ ಬಡಕೊಂತಿತ್ತು, ಅಲ್ಲಿಂದ ಜಂತಿಗೆ ಹಾಕಿದ ತಿರಗಣಿಗೊಂದು ಪಟ್ಟಾ, ತಿರಗಣಿಯಿಂದ ಲೇತಿಗೊಂದು ಪಟ್ಟಾ. ಅಪ್ಪ ತಲಿ ಮ್ಯಾಲ ತೂಗೂ ಒಂದು ಕಟಗಿ ಕೋಲು ಜಗ್ಗಿದನಂದರ ಪಟ್ಟಾ ಸರಿದು ಲೇತ್ ತಿರುಗತಿತ್ತು, ಹಿಂದಕ್ಕ ನೂಕಿದರ ನಿಲ್ಲತಿತ್ತು. ಇಂಜಿನ್ ಸಪ್ಪಳ ಒಂದು ಕಡೆ, ನಮ್ಮ ಬನಹಟ್ಟಿ ಓಣಿಯ ಮಗ್ಗಗಳ ಖಟಪಟ ಇನ್ನೊಂದು ಕಡೆ. ಅವ್ವ ಈ ಮನಿಗೆ ಬರೂದಕ್ಕಿಂತ ಮೊದಲು ಆಯಿ ಕೂಗತಿದ್ದಳಂತ; ಆಯಿಯ ದನಿ ನಡಮನಿಯೊಳಗ ಸೋತು ಕೂಡತಿತ್ತಂತ. ಅವ್ವನ ತವರು ಗಲಗಲಿ, ಕೃಷ್ಣಾ ಹೊಳಿ ದಂಡಿಯ ಊರು. ಆಚಿ ದಂಡಿಯಿಂದ ನಾವಿಯ ಅಂಬಿಗನ್ನ ಕರೆದು ಕರೆದು ಬೆಳೆದ ದನಿ ಅದು. ಅವ್ವ ಅಡಗಿ ಮನಿಯೊಳಗ "ಬಂತು!" ಅಂದಳಂದರ ಮೂರು ಮನಿ ಆಚಿ ನೇಕಾರರಿಗೂ ಲೇತ್ ಚಾಲೂ ಆತು ಅಂತ ಗೊತ್ತಾಗತಿತ್ತು.

ಪಡಸಾಲಿಯೊಳಗ ಲೇತಿನ ಸುತ್ತ ಸುಣ್ಣದಲೆ ಒಂದು ಗೆರಿ ಹಾಕಿತ್ತು. ಮಷೀನ್ ತಿರುಗುವಾಗ ಆ ಗೆರಿ ದಾಟಿದರ ಆಯಿಗೂ ಮಾಫಿ ಇಲ್ಲ. ಸಾರಿಸಿದಾಗೆಲ್ಲಾ ಗೆರಿ ಅಳಿಸಿ ಹೋಗತಿತ್ತು, ಅವ್ವ ಬಾಗಲ ಮುಂದ ರಂಗೋಲಿ ಹಾಕಿ ಮುಗಿಸಿ ಅದೇ ಕೈಲೆ ಒಳಗ ಬಂದು ಆ ಗೆರಿ ತಿದ್ದತಿದ್ದಳು. ನನ್ನ ಜಡಿ ಮ್ಯಾಲ ಎತ್ತಿ ಕಟ್ಟತಿದ್ದಳು. ಅಪ್ಪನ ಅಂಗಿಗಳಿಗೆ ತೋಳೇ ಇರತಿರಲಿಲ್ಲ. ಹೊಸಾ ಅಂಗಿ ಬಂದ ದಿನಾನೇ ಅವ್ವ ತೋಳು ಕತ್ತರಿಸಿ, ಅಂಚು ಮಡಿಸಿ ಹೊಲಿದು ಕೊಡತಿದ್ದಳು. ತಿರುಗೂ ಚಕ್ಕಿಗೆ ಬಟ್ಟಿಯ ಒಂದು ಎಳಿ ಸಿಕ್ಕರೂ ಸಾಕು, ಅದು ಅಂಗಿ ಸುತ್ತಿಕೊಂಡು ಆಮ್ಯಾಲ ಅಂಗಿಯೊಳಗಿನ ಮನಶಾನ್ನೂ ಎಳಕೊಂತೈತಿ. ಕಣ್ಣಿಗೆ ಅಪ್ಪ ಸಂತ್ಯಾಗ ಕೊಂಡ ಒಂದು ಸಾದಾ ಕನ್ನಡಕ ಹಾಕತಿದ್ದ. ಅದನ್ನ ಹಾಕಿದಾಗ ಅವನು ಸಾಲಿ ಮಾಸ್ತರನಂಗ ಕಾಣತಿದ್ದ, ಓಣಿ ಮಂದಿ "ಮಾಸ್ತರ, ನಮ್ಮ ಹುಡುಗ ಪಾಸೇನ್ರಿ?" ಅಂತ ಕಾಡತಿದ್ದರು. ಅಪ್ಪ "ನಿಮ್ಮ ಹುಡುಗ ಪಾಸು, ನೀವ ಫೇಲು" ಅನ್ನತಿದ್ದ.

ಹಿಂಗ ನಕ್ಕೋತ ನಡೆದ ಮನಿ ಅದು. ಅದು ನಿಂತದ್ದು ಒಂದು ಅಂಗಿ ಸಲುವಾಗಿ.

ಗಲಗಲಿಯೊಳಗ ಅವ್ವನ ತಮ್ಮ ಈರಣ್ಣ ಮಾಮಾನ ಲಗ್ನ ಗೊತ್ತಾಗಿತ್ತು. ನನಗ ಹಗಲೂ ರಾತ್ರಿ ಅದೇ ಗ್ಯಾನ. ಹೊಳಿ ನೋಡಬೇಕು, ನಾವಿಯೊಳಗ ಕೂಡಬೇಕು, ಮಾಮಾನ ಮದವಿಯೊಳಗ ಶೇಂಗಾದ ಹೋಳಿಗಿ ತಿನ್ನಬೇಕು. ಲಗ್ನಕ್ಕಂತ ಅಪ್ಪ ಜಮಖಂಡಿಯಿಂದ ತುಂಬು ತೋಳಿನ ಒಂದು ಅಂಗಿ ಹೊಲಿಸಿಕೊಂಡು ಬಂದ. ಹಾಲಿನ ಬಣ್ಣ, ತೆಳ್ಳನ್ನ ನೀಲಿ ಗೆರಿ, ಮುಂಗೈಗೆ ಎರಡೆರಡು ಗುಂಡಿ. ಹಾಕಿಕೊಂಡು ಪಡಸಾಲಿಯೊಳಗ ಆ ತುದಿಯಿಂದ ಈ ತುದಿಗೆ ಅಡ್ಡಾಡಿದ. ನೋಡಾಕ ಓಣಿಯ ನಾಕೈದು ಮಂದಿ ಕೂಡಿದರು. ಅಷ್ಟರೊಳಗ ಒಬ್ಬರು ಮಗ್ಗದ ಒಂದು ಸಣ್ಣ ಕೆಲಸ ತಂದರು. "ಒಂದ ನಿಮಿಷದ್ದು," ಅಂತ ಅಪ್ಪ ಅದೇ ಅಂಗಿ ಮ್ಯಾಲ ಲೇತಿಗೆ ನಿಂತ. ಮುಂಗೈ ಗುಂಡಿ ಹಾಕಿರಲಿಲ್ಲ. ಕೆಲಸ ಆತು, ಏನೂ ಆಗಲಿಲ್ಲ. ಆದರ ಅವ್ವ ನಡಮನಿ ಬಾಗಲದೊಳಗ ನಿಂತು ನೋಡಿದ್ದಳು. ತೋಳಿನ ಬಾಯಿ ಚಕ್ಕಿನ ಹತ್ರ ಹತ್ರ ಹೋಗಿ ಬಂದದ್ದು ನೋಡಿದ್ದಳು.

ಮರುದಿನ ಮುಂಜಾನಿ ಅಪ್ಪ ಅಂಗಿ ಹುಡಿಕಿದರ ಅದಕ್ಕ ಮೊಣಕೈ ಕೆಳಗ ತೋಳಿಲ್ಲ.

"ಇದೇನ ಮಾಡಿದಿ?"

"ಕತ್ತರಿಸೇನ್ರಿ," ಅಂದಳು ಅವ್ವ, ಮಜ್ಜಗಿ ಕಡಿಯೂದು ನಿಲ್ಲಸದ.

"ಲಗ್ನದ ಅಂಗಿ ಅದು! ನಾ ಅದನ್ನ ಹಾಕ್ಕೊಂಡು ಲೇತಿಗೆ ನಿಂದರತಿದ್ದೆನೇನು?"

"ನಿನ್ನಿ ನಿಂತಿದ್ರೆಲ್ಲ."

ಅಪ್ಪ ತಪ್ಪಿಗೆ ಸಿಕ್ಕಿದ್ದ, ಅದಕ್ಕ ಸಿಟ್ಟು ಮತ್ತಷ್ಟು ಏರಿತು. ಪಡಸಾಲಿಯೊಳಗ ಕೆಲಸಕ್ಕಂತ ಬಂದ ಇಬ್ಬರು ನೇಕಾರರು ಕುಂತಿದ್ದರು. ಅವರ ಮುಂದನ ಅಂದುಬಿಟ್ಟ:

"ಲೇತಿನ ಬಗ್ಗೆ ನಿನಗೇನ ತಿಳಿತೈತಿ? ರೊಟ್ಟಿ ಬಡಿ, ಬಾಯಿ ಮುಚ್ಚು!"

ಅವ್ವ ಮಜ್ಜಗಿ ಕಡಿಯೂ ರವಿಗಿಯ ಹಗ್ಗ ಬಿಟ್ಟಳು. ಅಪ್ಪನ್ನ ಒಂದು ಸಲ ನೋಡಿದಳು. ಬಾಯಿ ಮುಚ್ಚಿದಳು.

ಮೊದಲು ಇದರ ಅರ್ಥ ಯಾರಿಗೂ ಹೊಳಿಲಿಲ್ಲ. ನೇಕಾರರ ತುಂಡು ಚಕ್ಕಿಗೆ ಹಾಕಿ, ಬಿಗಿ ಮಾಡಿ, ಅಪ್ಪ ಚಾವಿ ನನ್ನ ಕೈಯೊಳಗ ಕೊಟ್ಟ. ನಾನು ಒಳಗ ಒಯ್ದೆ. ಅವ್ವ ಇಸಗೊಂಡು ಮೊಳಿಗೆ ಹಾಕಿದಳು.

"ಬಂತೇನ?" ಅಂದ ಅಪ್ಪ.

ಅಡಗಿ ಮನಿ ಸುಮ್ಮನಿತ್ತು. ಒಲಿಯೊಳಗ ಕಟಗಿ ಚಟಚಟ ಅಂದದ್ದು ಅಷ್ಟ.

"ಬಂತೇನ ಅಂದೆ!"

ಅವ್ವ ರೊಟ್ಟಿ ಬಡಿಯಾಕ ಕುಂತಳು. ತಪ್ ತಪ್ ತಪ್. ಹೇಳಿದ್ದು ಅದನ್ನ ಅಲ್ಲೇನು, ರೊಟ್ಟಿ ಬಡಿ, ಬಾಯಿ ಮುಚ್ಚು ಅಂತ? ಎರಡೂ ಮಾಡಾಕತ್ತಿದ್ದಳು. ಅಪ್ಪನ ಕೈ ಕೋಲಿನ ತನಕ ಹೋಗಿ ಇಳಿತು. ಮತ್ತ ಹೋತು, ಮತ್ತ ಇಳಿತು. ತಾನು ಹಾಕಿದ ಪದ್ಧತಿ, ತಾನೇ ಮುರಿಯಾಕ ಬರೂದಿಲ್ಲ. ಕಡೀಕ ನೇಕಾರರಿಗೆ "ನಾಳಿಗೆ ಬರ್ರಿ" ಅಂದು, ಹಿತ್ತಲಕ್ಕ ಹೋಗಿ ಇಂಜಿನ್ ಬಂದ್ ಮಾಡಿದ. ಓಣಿಗೆಲ್ಲಾ ಒಮ್ಮೆಲೆ ಬಿಕೋ ಅನಿಸಿತು.

ಎರಡು ಮೂರು ದಿನ ಹಿಂಗ ಹೋದವು. ಮನಿಯ ಮಾತೆಲ್ಲಾ ನನ್ನ ಹೆಗಲ ಮ್ಯಾಲ ಬಂತು. "ನಿಮ್ಮಪ್ಪಗ ಹೇಳು, ಸ್ನಾನಕ್ಕ ನೀರು ಕಾದಾವು." "ನಿಮ್ಮವ್ವಗ ಹೇಳು, ಕೇಳಿಸೇತಿ." ಊಟದ ಹೊತ್ತು ಅಂತೂ ನೋಡೂ ಹಂಗಿತ್ತು. ಅವ್ವ ಯಾವಾಗಲೂ "ಇನ್ನೊಂದು ಹಾಕಲೇನ್ರಿ?" ಅಂತ ಕೇಳಿ ಬಡಸಾಕಿ, ಈಗ ಕೇಳಾಕ ಬಾಯಿಲ್ಲ, ಹಾಕೋತ ಹೋದಳು. ಅಪ್ಪಗ ಸಾಕು ಅನ್ನಾಕ ಬಿಗುಮಾನ ಅಡ್ಡ ಬಂತು, ತಿನಕೋತ ಹೋದ. ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ, ರೊಟ್ಟಿ ಮ್ಯಾಲ ರೊಟ್ಟಿ. ಕಡೀಕ ಗ್ವಾಡಿ ಹಿಡಿದು ಎದ್ದ. ಆಯಿ ಅಂದಳು, "ಹಿಂಗ ಇನ್ನೊಂದು ವಾರ ಮಾತು ಬಿಟ್ರ, ಇವಗ ಮದವಿಗೆ ತೋಳಲ್ಲ, ಅಂಗೀನ ಬ್ಯಾರೆ ಹೊಲಿಸಬೇಕಾಗತೈತಿ."

ಲೇತ್ ನಿಂತದ್ದಕ್ಕ ಅಪ್ಪ ಕಬ್ಬಿಣ ತಿಕ್ಕೂ ಕಾನಸು ಹಿಡಿದು ಏನೇನೋ ನುಣುಪು ಮಾಡಕೋತ ಕೂಡತಿದ್ದ. ಒಂದು ಸಲ ನನ್ನ ಕಡೆ ಒಂದು ರಾಜಿ ಕಳಿಸಿದ.

"ನಿಮ್ಮವ್ವಗ ಹೇಳು, ಬಾಯಿ ತಗಿಯೂದು ಬ್ಯಾಡ, ಚಾವಿ ಹಾಕಿ ತಾಟು ಬಡದ್ರೂ ನಡಿತೈತಿ."

ಅವ್ವ ನನ್ನ ಕಿವಿಯೊಳಗ ಉತ್ತರ ಹೇಳಿದಳು. ನಾನು ಬಂದು ಗಟ್ಟಿಯಾಗಿ ಒಪ್ಪಿಸಿದೆ:

"ತಾಟಿಗೂ ಲೇತಿನ ಬಗ್ಗೆ ಏನೂ ತಿಳಿಯೂದಿಲ್ಲಂತ ಅಪ್ಪಾ."

ಆಯಿ ಬಿದ್ದು ಬಿದ್ದು ನಕ್ಕಳು. ಅಪ್ಪನ ತುಟಿಯೂ ಜರಾ ಅಲುಗಿತು, ಆದರ ಹಿಡಕೊಂಡ. ನನಗ ಮಾತ್ರ ನಗಿ ಬರಲಿಲ್ಲ, ಯಾಕಂದರ ಅದೇ ದಿನ ಅವ್ವ ಆಯಿಯ ಮುಂದ ಅಂದದ್ದು ಕೇಳಿಸಿಕೊಂಡಿದ್ದೆ: "ಬಾಯಿ ಮುಚ್ಚಕೊಂಡು ಮದವಿ ಮನಿಗೆ ಹೆಂಗ ಹೋಗೂದ್ರಿ ಅತ್ತಿ? ನಾನಂತೂ ಬರೂದಿಲ್ಲ, ನೀವ ಹೋಗಿ ಬರ್ರಿ." ಅವ್ವ ಇಲ್ಲದ ಗಲಗಲಿಗೆ ಹೋಗೂದು ಅಂದರೇನು? ಹೊಳಿ ಹೋತು, ನಾವಿ ಹೋತು, ಹೋಳಿಗಿ ಹೋತು. ನಾನು ಆ ಮೊಳಿ ಕೆಳಗ ಕುಂತು ಚಾವಿಗೆ ಕೈ ಮುಗಿದೆ. ಆಯಿ ಬೀಗರಿಗೆ ಹೇಳತಿದ್ದ ಸುಳ್ಳನ್ನ ಅವತ್ತ ನಾನೇ ಖರೆ ಅಂತ ನಂಬಿದೆ.

ದೇವರು ಬಂದದ್ದು ಮಲ್ಲಪ್ಪ ಕಾಕಾನ ರೂಪದೊಳಗ. ಅವರು ಮುಧೋಳ ಕಡೆಯ ರನ್ನ ಬೆಳಗಲಿಯವರು, ಕಬ್ಬಿನ ಗಾಣ ಹಾಕಿದ್ದರು. ಹಣಿ ತುಂಬ ಬೀರಪ್ಪ ದೇವರ ಭಂಡಾರದ ಅರಿಷಿಣ, ಹೆಗಲ ಮ್ಯಾಲ ಕಂಬಳಿ. ಕಂಬಳಿಯೊಳಗ ಸುತ್ತಿಕೊಂಡು ಬಂದ ಎರಡು ಸಾಮಾನು ಪಡಸಾಲಿ ಕಟ್ಟಿ ಮ್ಯಾಲ ಇಟ್ಟರು. ಒಂದು ಗಾಣದ ಒಡೆದ ಹಳೇ ಬುಷ್, ಅಂದರ ಗಾಣದ ಅಚ್ಚು ತಿರುಗೂ ಕಂಚಿನ ಬಳಿ. ಇನ್ನೊಂದು ಹೊಸಾ ಎರಕ ಹೊಯ್ಸಿ ತಂದ ಒರಟು ಬಳಿ. ಅದರ ತೂತು ಸಣ್ಣದು, ಅಚ್ಚಿಗೆ ಸರಿಯಾಗಿ ಒಳಗ ಕೊರೆದು ದೊಡ್ಡದು ಮಾಡಬೇಕು. ಅದಕ್ಕ ಬೋರಿಂಗ್ ಅಂತಾರ. ಅಳತಿಗೆ ಅಚ್ಚಿನ ಒಂದು ತುಂಡೂ ತಂದಿದ್ದರು.

"ರಾಚಪ್ಪ, ಗಾಣ ನಿಂತೈತಿ. ಕಡದ ಕಬ್ಬು ಬಿಸಲಾಗ ಬಿದ್ದೈತಿ, ಹಿಂಡಿದ ಕಬ್ಬಿನ ಹಾಲು ಹುಳಿ ಬರಾಕತ್ತೈತಿ. ಇವತ್ತ ಇದನ್ನ ಮಾಡಿ ಕೊಡಲಿಲ್ಲಂದ್ರ, ಬೀರಪ್ಪನಾಣಿ, ನಾ ಇಲ್ಲೇ ನಿನ್ನ ಪಡಸಾಲ್ಯಾಗ ಕಂಬಳಿ ಹಾಸತೇನಿ."

"ಮಾಡಿ ಕೊಡತಿದ್ದೆ ಕಾಕಾ, ಆದರ..." ಅಪ್ಪ ಅಡಗಿ ಮನಿ ಕಡೆ ನೋಡಿದ.

"ಆದರ ಏನು? ಎಣ್ಣಿ ಇಲ್ಲೇನು?"

"ಎಣ್ಣಿ ಐತ್ರಿ."

"ಪಟ್ಟಾ ಹರದೈತೇನು?"

"ಇಲ್ರಿ."

ನಡಮನಿ ಬಾಗಲದೊಳಗ ಶೇಂಗಾ ಒಡಕೋತ ಕುಂತಿದ್ದ ಆಯಿ ಅಂದಳು, "ಇವನ ಹೇಣ್ತಿ ಮಾತು ಬಿಟ್ಟಾಳೋ ಮಲ್ಲಪ್ಪ. ಅದಕ್ಕ ಮಷೀನ್ ನಿಂತೈತಿ."

ಮಲ್ಲಪ್ಪ ಕಾಕಾ ಹಣಿ ಬಡಕೊಂಡರು. "ನಮ್ಮ ಗಾಣ ಎತ್ತು ಕುಂತಾಗ ನಿಂತೈತಿ, ಮಳಿ ಬಂದಾಗ ನಿಂತೈತಿ. ಬನಹಟ್ಟ್ಯಾಗ ಗಂಡ ಹೇಣ್ತಿ ಮಾತು ಬಿಟ್ಟದ್ದಕ್ಕ ನಿಂತದ್ದು ಇದ ಮೊದಲು!" ಅಂದು, ಒಳಗ ಕೇಳೂ ಹಂಗ ದನಿ ಎತ್ತಿದರು. "ತಂಗೀ, ಬಿಸಿ ಬೆಲ್ಲದ ಒಂದು ಪೆಂಟಿ ನಿನಗ ಕಳಸತೇನಿ. ಮಾತಾಡವಾ!"

ಒಳಗಿಂದ ತಪ್ ತಪ್ ತಪ್.

ಅಪ್ಪಗ ಏನೋ ಛಲ ಬಂತು. ಇಂಜಿನ್ ಚಾಲೂ ಮಾಡಿ ಬಂದ, ಕನ್ನಡಕ ಹಾಕಿದ, ಹೊಸಾ ಬಳಿ ಚಕ್ಕಿಗೆ ಕಚ್ಚಿಸಿ ಬಿಗಿ ಮಾಡಿದ. ಚಾವಿ ನನ್ನ ಕೈಯೊಳಗ ಕೊಟ್ಟ. ನಾನು ಆಯಿಯ ಮುಂದಿಂದ ದಾಟಿ ಒಳಗ ಒಯ್ದೆ, ಅವ್ವ ಮೊಳಿಗೆ ಹಾಕಿದಳು, ಏನೂ ಅನಲಿಲ್ಲ. ಅಷ್ಟರೊಳಗ ಅಪ್ಪ ಚಕ್ ಕೈಲೆ ತಿರುವಿ ನೋಡಿದ. ಎರಕದ ಬಳಿ ಒಂದು ಮಗ್ಗಲಕ ವಾಲಿತ್ತು. "ಕಮಲೀ, ಚಾವಿ ತಾ," ಅಂದ. ಕಮಲಿ ಅಂದರ ನಾನು. ಹಿತ್ತಲ ಬಾಗಲದಿಂದ ಸುತ್ತು ಹಾಕಿ ತಂದು ಕೊಟ್ಟೆ, ಅದಕ್ಕ ಆಯಿಗೆ ಕಾಣಲಿಲ್ಲ. ಅಪ್ಪ ಸಡಲ ಮಾಡಿದ, ಸರಿಸಿದ, ಬಿಗಿ ಮಾಡಾಕ ಹತ್ತಿದ. ಮಲ್ಲಪ್ಪ ಕಾಕಾ ಅಪ್ಪನ ಹೆಗಲ ಮ್ಯಾಲ ಬಾಗಿ, "ಜರಾ ಆ ಕಡೆ... ಹಾಂ... ಇಲ್ಲ, ಈ ಕಡೆ" ಅಂತ ತಾಪ ಕೊಡಾಕತ್ತಿದ್ದರು. ಅಪ್ಪ ಚಾವಿ ಬಿಟ್ಟು ಅವರನ್ನ ಎ‌ರಡೂ ಕೈಲೆ ಹಿಡಿದು ಸುಣ್ಣದ ಗೆರಿ ಆಚಿ ನಿಲ್ಲಿಸಿ ಬಂದ. ನಾನು ಚಾವಿ ಕೊಟ್ಟಾನು ಅಂತ ಕಾಯಕೋತ ನಿಂತಿದ್ದೆ. ಅಪ್ಪ ನನ್ನನ್ನೂ ಗೆರಿ ಆಚಿ ನೂಕಿದ. ಕೋಲಿಗೆ ಕೈ ಹಾಕಿದ.

"ಬಂತೇನ?"

ಅಡಗಿ ಮನಿ ಸುಮ್ಮನಿತ್ತು.

"ನೋಡು, ಮಂದಿ ಕಷ್ಟದಾಗ ಅದಾರು. ಒಂದ ಮಾತು. ಬಂತೇನ?"

ಆಯಿಗೆ ತಡಿಯಲಿಲ್ಲ. ಚಾವಿ ಒಳಗ ಹೋದದ್ದನ್ನ ಅಕಿ ತನ್ನ ಕಣ್ಣಿಲೆ ಕಂಡಿದ್ದಳು. ಅಲ್ಲಿಂದಲೇ ಕೈ ಬೀಸಿ ಅಂದಳು:

"ಬಂತೋ ಮಾರಾಯಾ, ಬಂತು! ಹಚ್ಚಿ ಬಿಡು!"

ಎಷ್ಟು ದಿನದಿಂದ ಆ ಮಾತಿಗೆ ಹಸಿದ ಕಿವಿ. ಅಪ್ಪನ ಮುಖ ಅರಳಿತು, ಕೋಲು ಜಗ್ಗಾಕ ತೋಳು ಬಿಗಿ ಮಾಡಿದ.

"ಬಂದಿಲ್ಲ!"

ಆ ದನಿ ಹೆಂಗ ಹೇಳಲಿ ನಿಮಗ. ಹೊಳಿ ದಾಟಿ ಆಚಿ ದಂಡಿ ಮುಟ್ಟೂ ದನಿ. ಇಂಜಿನ್ ಸಪ್ಪಳ ಅದರೊಳಗ ಮುಳುಗಿ ಹೋತು. ಅವ್ವ ಅಡಗಿ ಮನಿಯಿಂದ ಓಡಿ ಬಂದಳು, ಮೊಣಕೈ ತನಕ ಜ್ವಾಳದ ಹಿಟ್ಟು, ಒಂದು ಕೈಯೊಳಗ ಅರ್ಧ ಬಡಿದ ರೊಟ್ಟಿ ಜೋತಾಡತಿತ್ತು.

"ಬಂದಿಲ್ರೀ! ಮೊಳಿ ಖಾಲಿ ಐತಿ!"

ಅಪ್ಪನ ಕೈ ಕೋಲಿನ ಮ್ಯಾಲ ಕಲ್ಲಾಗಿತ್ತು. ಮೆಲ್ಲಕ ಬಿಟ್ಟ. ತಿರುಗಿ ನೋಡಿದ. ಚಾವಿ ಚಕ್ಕಿನೊಳಗ ನೆಟ್ಟಗ ನಿಂತಿತ್ತು.

ಮಲ್ಲಪ್ಪ ಕಾಕಾ ಚಾವಿ ನೋಡಿ, ಅದರ ಎದುರಿಗೆ ತಾವು ನಿಂತದ್ದು ನೋಡಿ, ಹಣಿಯ ಭಂಡಾರ ಮುಟ್ಟಿಕೊಂಡರು. ಆಮ್ಯಾಲ ಅವ್ವ ಶುರು ಮಾಡಿದಳು. ಅಷ್ಟು ದಿನ ಮುಚ್ಚಿಟ್ಟದ್ದೆಲ್ಲಾ ಬಂತು.

"ಬಾಯಿ ಮುಚ್ಚು ಅಂದ್ರಿ, ಮುಚ್ಚಿದೆ. ಇವತ್ತೂ ಮುಚ್ಚಕೊಂಡ ಕುಂತಿದ್ರ ಏನಾಗತಿತ್ತ್ರಿ? ತೋಳು ಕತ್ತರಿಸಿದ್ದಕ್ಕ ಸಿಟ್ಟ ಬಂತು ನಿಮಗ, ಕೈ ಹೋಗಿದ್ರ ಯಾರ ಮ್ಯಾಲ ಸಿಟ್ಟ ಮಾಡತಿದ್ರಿ? ಮೊನ್ನೆ ಗುಂಡಿ ಬಿಚ್ಚಕೊಂಡು ನಿಂತ್ರಿ, ನನ್ನ ಜೀವ ಎಲ್ಲಿತ್ತು ನಿಮಗೇನ ಗೊತ್ತು? ಮತ್ತ ಅತ್ತಿ, ನೀವರೆ ಯಾಕ ಅಂದ್ರಿ, ಮೊಳಿ ನೋಡದ?"

"ಒಳಗ ಹೋದದ್ದ ಕಂಡಿದ್ದೆ ತಂಗಿ," ಅಂದಳು ಆಯಿ, ದನಿ ಸಣ್ಣದು ಮಾಡಿ. "ಹೊರಗ ಬಂದದ್ದ ಕಾಣಲಿಲ್ಲ. ಕಣ್ಣು ಶೇಂಗಾದ ಮ್ಯಾಲಿತ್ತು."

ಅಪ್ಪ ಅವ್ವನ್ನ ನೋಡಕೋತ ನಿಂತಿದ್ದ. ಸಾಲಿ ಮಾಸ್ತರನ ಕನ್ನಡಕದ ಹಿಂದ ಅವನ ಕಣ್ಣು ನಗಾಕತ್ತಿದ್ದವು.

"ಬೈ," ಅಂದ. "ಇನ್ನಷ್ಟು ಬೈ. ಮನಿ ಮನಿಯಂಗ ಆತು."

ಆಮ್ಯಾಲ ತಾನೇ ಚಾವಿ ತಗದ, ತಾನೇ ನಡಕೋತ ಹೋಗಿ ಅವ್ವನ ಹಿಟ್ಟಿನ ಕೈಯೊಳಗ ಇಟ್ಟ.

"ಮಲ್ಲಪ್ಪ ಕಾಕಾ, ನೀವ ಸಾಕ್ಷಿ. ಮೊನ್ನೆ ನಾ ಈಕಿಗೆ ಲೇತಿನ ಬಗ್ಗೆ ಏನ ತಿಳಿತೈತಿ ಅಂತ ಮಂದಿ ಮುಂದ ಅಂದಿದ್ದೆ. ಇವತ್ತ ಮಂದಿ ಮುಂದನ ಹೇಳತೇನಿ, ನನಕಿಂತ ಹೆಚ್ಚು ತಿಳಿತೈತಿ."

"ಸಾಕ್ಷಿ ಏನ ಬ್ಯಾಡಪಾ," ಅಂದರು ಕಾಕಾ. "ಆಕಿ ದನಿ ಬೆಳಗಲಿ ತನಕ ಕೇಳಿಸೇತಿ."

ಅವ್ವಗ ನಗಿ ಬಂತು, ಅದನ್ನ ಮುಚ್ಚಾಕ ಸೆರಗು ಎಳಕೊಂಡು ಒಳಗ ಹೋದಳು. ಅಪ್ಪ ಮತ್ತ ಕೇಳಿದ. ಅವ್ವ "ಬಂತು!" ಅಂತ ಕೂಗಿದಳು. ಆಚಿ ಮನಿ ಮಗ್ಗಗಳು ಒಂದು ಗಳಿಗಿ ನಿಂತವು, ಅಲ್ಲಿಂದ "ಮಾಸ್ತರ, ಪಾಸಾದ್ರೇನ್ರಿ?" ಅಂತ ಒಂದು ಕೂಗು, ಅದರ ಹಿಂದ ಗೊಳ್ಳನ್ನ ನಗಿ. ಓಣಿಗೆಲ್ಲಾ ಗೊತ್ತಿತ್ತು ನಮ್ಮ ಮನಿ ಕಥಿ.

ಆ ದಿನದ ಬೋರಿಂಗ್ ಕೆಲಸ ನನಗ ಈಗಲೂ ಕಣ್ಣಿಗೆ ಕಟ್ಟಿದಂಗೈತಿ. ಒಳಗ ಕೊರೆಯುವಾಗ ಟೂಲಿನ ಮೂತಿ ಕಣ್ಣಿಗೆ ಕಾಣೂದಿಲ್ಲ, ಅದು ತೂತಿನೊಳಗ ಇರತೈತಿ. ಅದಕ್ಕ ಅಪ್ಪ ಮೊದಲು ಮಷೀನ್ ನಿಂತಿದ್ದಾಗಲೇ ಟೂಲು ಕಚ್ಚಿಸಿದ ಕಬ್ಬಿಣದ ಸಳಿ ಒಳಗ ಬಿಟ್ಟು, ಚಕ್ ಕೈಲೆ ಒಂದು ಪೂರಾ ಸುತ್ತು ತಿರುವಿ, ಎಲ್ಲಿಯೂ ತಾಕೂದಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದ. ಸಳಿ ಹೊರಗ ಚಾಚೂದು ಎಷ್ಟು ಕಡಿಮಿ ಇದ್ದರ ಅಷ್ಟು ಛಲೋ. ಉದ್ದಾದರ ಒಳಗ ನಡಗತೈತಿ. ಅವ್ವ ಗೆರಿ ಆಚಿ, ಹಿತ್ತಲ ಬಾಗಲದ ಹತ್ರ, ತನ್ನ ಕುಂಕುಮದ ಕನ್ನಡಿ ಹಿಡಿದು ನಿಂತಳು. ಬಿಸಲನ್ನ ಕನ್ನಡಿಯೊಳಗ ಹಿಡಿದು ಬಳಿಯ ತೂತಿನೊಳಗ ಬೀಳಸತಿದ್ದಳು, ಅಪ್ಪನ ಕಣ್ಣಿಗೆ ಬೀಳದಂಗ. ಕಂಚಿನ ಪುಡಿ ಬಂಗಾರದ ಹುಡಿಯಂಗ ಸಿಡಿತಿತ್ತು, ಕನ್ನಡಕದ ಮ್ಯಾಲ ಚಿಟಿಚಿಟಿ ಅನ್ನತಿತ್ತು. ಅಪ್ಪ ಸ್ವಲ್ಪ ಸ್ವಲ್ಪ ಕೊರೆಯಾಕತ್ತಿದ್ದ, ಕಿವಿ ಅತ್ತ ಕೊಟ್ಟು. ಒಮ್ಮೆ ಒಳಗ ಗುರ್ ಅಂತು.

"ನಿಲ್ಲಸ್ರಿ," ಅಂದಳು ಅವ್ವ.

ಅಪ್ಪ ಅಷ್ಟೊತ್ತಿಗೆ ಕೋಲು ನೂಕಿದ್ದ. ಇಬ್ಬರಿಗೂ ಒಂದೇ ಸಲ ಕೇಳಿಸಿತ್ತು. ಅಪ್ಪ ಸಳಿ ಹೊರಗ ಎಳೆದು, ಇನ್ನಷ್ಟು ಗಿಡ್ಡ ಹಿಡಿದು ಬಿಗಿ ಮಾಡಿದ. ಮುಂದ ಇನ್ನಷ್ಟು ಕೊರೆದು ಮತ್ತ ಕೋಲು ನೂಕಿದಾಗ ಮಲ್ಲಪ್ಪ ಕಾಕಾ ಅವಸರಕ್ಕ ಬಿದ್ದು, ಚಕ್ ಇನ್ನೂ ಮೆಲ್ಲಗ ತಿರುಗುವಾಗಲೇ ಒಳಗ ಬೆರಳು ಹಾಕಿ ನೋಡಾಕ ಗೆರಿ ದಾಟಿದರು. ಈ ಸಲ ಅಪ್ಪ, ಅವ್ವ, ಆಯಿ, ನಾನು, ನಾಕೂ ಮಂದಿ ಕೂಡಿ ಒದರಿದೆವು. ಪಾಪ, ಕಾಕಾ ಕೈ ಹಿಂದಕ್ಕ ಎಳಕೊಂಡು, ಎರಡೂ ಕೈ ಕಂಬಳಿಯೊಳಗ ಮುಚ್ಚಿಕೊಂಡು, ಕೆಲಸ ಮುಗಿಯೂ ತನಕ ಕಟ್ಟಿ ಮ್ಯಾಲ ಕುಂತರು. ಪೂರಾ ನಿಂತ ಮ್ಯಾಲ, ಸಳಿ ಪೂರಾ ಹೊರಗ ಬಂದ ಮ್ಯಾಲ, ಪುಡಿ ಕುಂಚದಲೆ ಬಳಿದ ಮ್ಯಾಲನ ಬೆರಳು. ಕಡೀಕ ಅಚ್ಚಿನ ತುಂಡಿಗೆ ಒಂದು ಹನಿ ಎಣ್ಣಿ ಸವರಿ ಬಳಿಯೊಳಗ ಬಿಟ್ಟಾಗ ಅದು ಉಸ್ಸಂತ ಉಸಿರು ಬಿಟ್ಟು ತಾನೇ ತಾನಾಗಿ ಇಳಿತು. ಅಪ್ಪ ಮೊದಲು ಅವ್ವನ್ನ ಕರೆದ. ಅವ್ವ ಸೆರಗಿಗೆ ಕೈ ಒರಸಿಕೊಂಡು ಬೆರಳು ಹಾಕಿ ತಿರುವಿ ನೋಡಿದಳು, "ಹೂಂ" ಅಂದಳು. ಮೊನ್ನೆ ಪವಿತ್ರಾನ ಬುಷ್‌ನೊಳಗ ಬೆರಳು ಹಾಕಿದಾಗ ನನ್ನ ಬಾಯಿಂದ ಬಂದದ್ದೂ ಅದೇ "ಹೂಂ". ಎಲ್ಲಿಂದ ಬಂತು ಅಂತ ನನಗ ಮಾತ್ರ ಗೊತ್ತು.

ಸಂಜಿ ಮುಂದ ಬೆಳಗಲಿಯ ಗಾಣ ತಿರುಗಿತು. ಮರುದಿನ ಬೆಲ್ಲದ ಪೆಂಟಿ ಬಂತು, ಆಯಿಗಂತ ಬ್ಯಾರೆ ಬೆಲ್ಲದ ಒಂದು ಸಣ್ಣ ಅಚ್ಚು. ಆ ಬೆಲ್ಲ ಕಟ್ಟಿಕೊಂಡು ನಾವೆಲ್ಲಾ ಗಲಗಲಿಗೆ ಹೊಂಟೆವು, ಅವ್ವನೂ ಕೂಡಿ. ಅಪ್ಪ ಅದೇ ಅಂಗಿ ಹಾಕಿದ್ದ. ಅವ್ವ ಮೊಣಕೈ ಹತ್ರ ಅಂಚು ಮಡಿಸಿ ಎಷ್ಟು ಹಸನ ಹೊಲಿದಿದ್ದಳು ಅಂದರ, ಅದು ಹಂಗ ಹೊಲಿಸಿದ್ದೇ ಅನ್ನಬೇಕು. ಕತ್ತರಿಸಿದ ತೋಳಿನ ತುಂಡು ಎಲ್ಲಿ ಹೋದವು ಅಂತ ಅಪ್ಪ ಕೇಳಿರಲಿಲ್ಲ. ಅವು ನನ್ನ ಜಂಪರಿಗೆ ಬುಗ್ಗಿ ತೋಳಾಗಿದ್ದವು. ಹಾಲಿನ ಬಣ್ಣ, ತೆಳ್ಳನ್ನ ನೀಲಿ ಗೆರಿ, ತುದಿಗೆ ಎರಡೆರಡು ಗುಂಡಿ.

ಮದವಿ ಮನಿ ಅಂಗಳದೊಳಗ, ಅರಿಷಿಣ ಮೆತ್ತಿಕೊಂಡ ಈರಣ್ಣ ಮಾಮಾ ಅಪ್ಪನ ಅಂಗಿ ಹಿಡಿದು ಜಗ್ಗಿದ.

"ಏನ ಮಾಮಾ, ತುಂಬು ತೋಳಿನ ಅಂಗಿ ಹೊಲಿಸೇನಿ ಅಂತ ಹೇಳಿ ಕಳಿಸಿದ್ರಿ. ತೋಳು ಎಲ್ಲಿ ಬಿಟ್ಟ ಬಂದ್ರಿ?"

ಅಪ್ಪ ನನ್ನ ಕಡೆ ಕೈ ಮಾಡಿದ.

"ಅಲ್ಲಿ ಓಡಾಡಾಕತ್ತಾವ ನೋಡು."

ಅಂಗಳ ತುಂಬ ನಗಿ. ನನಗ ನಾಚಿಕಿ ಬಂದು, ಎರಡೂ ಬುಗ್ಗಿ ತೋಳು ಕೈಲೆ ಮುಚ್ಚಿಕೊಂಡು, ಹೊಳಿ ಕಡೆ ಓಟ ಕಿತ್ತೆ. ನೀರಿನ ಹತ್ರ ಹತ್ರ ಹೋಗಿದ್ದೆ. ಹಿಂದಿನಿಂದ, ಬಾಜಾ ಬಜಂತ್ರಿ ದಾಟಿ, ಅವ್ವನ ದನಿ ಬಂತು.

"ಕಮಲೀ! ನಿಂದರು ಅಲ್ಲೇ!"

ತಿರುಗಿ ನೋಡಿದೆ. ಅವ್ವ ಅಂಗಳದ ತುದಿಗೆ ಸೊಂಟಕ್ಕ ಕೈ ಇಟ್ಟು ನಿಂತಿದ್ದಳು. ಅಕಿಯ ಹಿಂದ, ಬೀಗರ ನಡುವ, ಬಾಯಿ ತುಂಬ ಎಲಿ ಅಡಕಿ ಇಟ್ಟುಕೊಂಡು ಅಪ್ಪ ನಿಂತಿದ್ದ. ಆ ದನಿ ಕೇಳಿದ್ದಕ್ಕ, ಅವನ ಗಿಡ್ಡ ತೋಳಿನ ಬಲಗೈ ತಾನಾಗೇ ತಲಿ ಮ್ಯಾಲ ಎದ್ದು, ಮಷೀನ್ ನಿಲ್ಲಸಾಕ ಅಲ್ಲಿ ಇಲ್ಲದ ಲೇತಿನ ಕೋಲನ್ನ ಹಿಂದಕ್ಕ ನೂಕಾಕತ್ತಿತ್ತು.